ಜವರಮ್ಮನ ಕಣ್ಣು

ಅಜ್ಜಂಪುರದ ಬಸ್‌ಸ್ಟ್ಯಾಂಡ್ ಹಿಂದೆ ಸ್ಟುಡಿಯೋ ಇಟ್ಟಿದ್ದ ಸಿದ್ದೇಶನನ್ನು ಈಗ ಕಲಾವಿದ ಅನ್ನುತ್ತಾರೆ. ಅನ್ನಲಿ. ಹಿತ್ತಲ ಗಿಡ ಮದ್ದಲ್ಲ, ನಮ್ಮೂರಿಗೆ ಅವನು ಇವತ್ತಿಗೂ ಹೆಣದ ಫೋಟೋ ಸಿದ್ದೇಶನೇ.

ಫೋಟೋ ತೆಗೆಸದ ಮುದುಕಿಯರು ತೀರಿಕೊಂಡರೆ ಗೋಡೆಗೆ ಹಾಕಲು ಮಕ್ಕಳಿಗೆ ಒಂದು ಮುಖ ಬೇಕು. ಆಧಾರ್ ಕಾರ್ಡಿನಲ್ಲಿ ಎಲ್ಲರೂ ಕಳ್ಳರ ಥರ ಕಾಣುತ್ತಾರೆ. ಹಾಗಾಗಿ ಕುರ್ಚಿಯಲ್ಲಿ ಕೂರಿಸಿದ ಹೆಣದ ಫೋಟೋ ತೆಗೆದು, ಸಿದ್ದೇಶ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ಕೊಡುತ್ತಿದ್ದ. ಮೊದಲ ಸಲ ಯಗಟಿಯ ಹುಚ್ಚಮ್ಮನಿಗೆ ಕಣ್ಣು ಹುಡುಕುವಾಗ ಅವನ ಬಳಿಯಿದ್ದ ಫೋಟೋಗಳಲ್ಲಿ ಚೆನ್ನಾಗಿ ಬಂದಿದ್ದುದು ಹೆತ್ತ ತಾಯಿ ಜವರಮ್ಮನ ಕಣ್ಣು ಮಾತ್ರ. ಅದನ್ನೇ ಕೂರಿಸಿದ. ಅವ್ವ ನನ್ನನ್ನೇ ನೋಡುತ್ತಿದ್ದಾಳೆ ಎಂದು ಹುಚ್ಚಮ್ಮನ ಮಗಳು ಫ್ರೇಮ್ ತಬ್ಬಿಕೊಂಡು ಅತ್ತಳು. ಆಮೇಲೆ ಬೇರೆ ಕಣ್ಣು ಹುಡುಕುವ ಗೋಜಿಗೇ ಅವನು ಹೋಗಲಿಲ್ಲ. ಸೋಮಾರಿ.

ಮುಂದೆ ಅವೇ ಫೋಟೋಗಳನ್ನು ಆಳೆತ್ತರ ಮಾಡಿ, ಕತ್ತಲ ಕೋಣೆಯ ಸುತ್ತ ತೂಗುಹಾಕಿ, ನಡುವೆ ಒಂದು ಕುರ್ಚಿ ಇಟ್ಟ. ಕೂತವರನ್ನು ಸತ್ತವರೆಲ್ಲ ನೋಡುತ್ತಾರೆ. ಇದಕ್ಕೆ ಇನ್‌ಸ್ಟಲೇಶನ್ ಎನ್ನುತ್ತಾರಂತೆ. ಕೊಚ್ಚಿ, ದೆಹಲಿ ಎಲ್ಲ ಸುತ್ತಿ ಹೆಸರು ತಂದಿತು. ಕಣ್ಣು ಯಾರದೆಂದು ಮಾತ್ರ ಅವನು ಯಾರಿಗೂ ಹೇಳಲಿಲ್ಲ, ತಾಯಿಗಂತೂ ಇಲ್ಲವೇ ಇಲ್ಲ.

ಹೋದ ವರ್ಷ ತರೀಕೆರೆಯ ಮುಚ್ಚಿದ ಅಕ್ಕಿ ಗಿರಣಿಯಲ್ಲಿ ಪ್ರದರ್ಶನ ಇಟ್ಟಾಗ ಜವರಮ್ಮ ತಾನೂ ನೋಡಬೇಕೆಂದು ಹಠ ಹಿಡಿದಳು. ಮಗ ಅವಳ ಮಂಡಿನೋವಿನ ನೆಪ ಹೇಳಿದ, ಬಿಸಿಲಿನ ನೆಪ ಹೇಳಿದ. ಅವಳು ರೇಷ್ಮೆ ಸೀರೆ ಉಟ್ಟು ತಾನೇ ಬಸ್ ಹತ್ತಿ ಬಂದಳು.

ಕುರ್ಚಿಯಲ್ಲಿ ಕೂತು ಹೆಮ್ಮೆಯಿಂದ ಸುತ್ತ ನೋಡಿದಳು. ಎದುರಿಗೇ ಅವಳಿಗೆ ಗುರುತಿದ್ದ ಯಗಟಿ ಹುಚ್ಚಮ್ಮ. ಇನ್ನೊಮ್ಮೆ ನೋಡಿದಳು. ಅವಳ ಎಡಗಣ್ಣಿನ ಬಿಳಿಯಲ್ಲಿ ಹುಟ್ಟಿನಿಂದ ಒಂದು ಕರಿ ಚುಕ್ಕೆಯಿದೆ. ಅದು ಅಲ್ಲಿದ್ದ ಎಲ್ಲ ಮುದುಕಿಯರ ಕಣ್ಣಲ್ಲೂ ಇತ್ತು.

"ಹಿರಿಯರ ಹಬ್ಬದಲ್ಲಿ ಅವ್ರವ್ರ ಮನೇಲಿ ಈ ಫೋಟೋಕ್ಕೇ ಎಡೆ ಇಡ್ತಾರೇನಪ್ಪಾ?"

ಸಿದ್ದೇಶ ಹೂಂ ಅಂದ.

"ನಾನಿನ್ನೂ ಬದ್ಕಿವ್ನಲ್ಲೋ."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ, ಎರಡೇಟು ಹಾಕಿದ್ದರೆ ಹಗುರಾಗುತ್ತಿದ್ದ. ಅವಳು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಯಾರಾದರೂ ಗುರುತು ಹಿಡಿದಾರೆಂದು ತಲೆ ತಗ್ಗಿಸಿ ಹೊರಗೆ ನಡೆದಳು. ತಪ್ಪು ಮಾಡಿದವನು ಮಗ, ಮುಖ ಮುಚ್ಚಿಕೊಂಡವಳು ತಾಯಿ. ಅದನ್ನು ನೋಡಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ವಾಪಸ್ ಬರುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಅಜ್ಜಂಪುರ ಹತ್ತಿರವಾದಾಗ ಜವರಮ್ಮ ಮೆಲ್ಲಗೆ ಹೇಳಿದಳು:

"ನಾನು ಸತ್ತಾಗ ಕಣ್ಣು ತೆರೆಸ್ಬ್ಯಾಡ ಕಣಪ್ಪ. ನೋಡ್ದೋರು ಯಗಟಿ ಹುಚ್ಚಮ್ಮ ಅಂದ್ಕಂಡಾರು."