ವಸ್ತಾದ್ ಪುಟ್ಟಸ್ವಾಮಿಯವರ ನಡಿಗೆ

ನಜರ್‌ಬಾದಿನ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ವಸ್ತಾದ್ ಪುಟ್ಟಸ್ವಾಮಿಯವರಿಗೆ ಅರವತ್ತೈದು ತುಂಬಿದ ವರ್ಷ, ಅಂದರೆ ೧೯೫೮ರಲ್ಲಿ, ಬಲಗೈ ತಾನಾಗಿಯೇ ನಡುಗತೊಡಗಿತು. ಬರಬರುತ್ತ ಹೆಜ್ಜೆಯೂ ಗಿಡ್ಡವಾಯಿತು. ಒಮ್ಮೊಮ್ಮೆ ನಡೆಯುತ್ತ ನಡೆಯುತ್ತಲೇ ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುವರು. ಡಾಕ್ಟರು ಪರೀಕ್ಷಿಸಿ, "ಇದು ಪಾರ್ಕಿನ್ಸನ್ ಕಾಯಿಲೆ. ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಮೈ ದಂಡಿಸುವುದನ್ನು ಮಾತ್ರ ಬಿಡಬೇಡಿ" ಎಂದರು. ಪುಟ್ಟಸ್ವಾಮಿಯವರು ಆ ಕೊನೆಯ ಮಾತನ್ನಷ್ಟೇ ಮನೆಗೆ ತಂದರು. ಒಂದು ಕಾಲಕ್ಕೆ ಐನೂರು ಬಸ್ಕಿ ಹೊಡೆದ ಮೈ. ಈಗ ಕಿಟಕಿಯ ಸರಳು ಹಿಡಿದು ದಿನವೂ ಇಪ್ಪತ್ತು.

ಬೆಳಿಗ್ಗೆ ಸರಾಗವಾಗಿ ಗರಡಿಗೆ ಹೋಗುವವರು ಸಂಜೆ ಅದೇ ದಾರಿಯಲ್ಲಿ ಕಾಲು ಕಿತ್ತಿಡಲಾರರು. "ಬೆಳಿಗ್ಗೆ ಕುದ್ರೆ, ಸಾಯಂಕಾಲ ಎಮ್ಮೆ! ಎಲ್ಲಾ ನಾಟ್ಕ ಕಣ್ರೀ" ಎಂದು ಎದುರುಮನೆಯ ನಂಜುಂಡಯ್ಯ ನಗುತ್ತಿದ್ದರು.

ಗರಡಿಯಲ್ಲೊಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ, ಗರಡಿಯ ಮಣ್ಣಿಗೆ ಪೂಜೆ ಸಲ್ಲಿಸುವ ಮಟ್ಟಿಪೂಜೆಯ ಸಂಜೆ, ವಸ್ತಾದರು ಯಾರ ಹೆಗಲನ್ನೂ ಹಿಡಿಯದೆ ಕೆಮ್ಮಣ್ಣಿನ ಅಂಕಣವನ್ನು ದಾಟಿಹೋಗಿ ಕಾಯಿ ಒಡೆಯಬೇಕು. ಆಗದಿದ್ದರೆ ವಸ್ತಾದರ ಜಾಗ ಹಿರಿಯ ಶಿಷ್ಯನಿಗೆ. ಶಿಷ್ಯ ಚೆಲುವರಾಜುವಿಗೆ ಆಗಲೇ ನಲವತ್ತು.

ಸೊಸೆ ಸರೋಜಮ್ಮ ಒಂದು ವಾರ ಬಾಗಿಲಲ್ಲಿ ನಿಂತು ಮಾವನ ನಡಿಗೆಯನ್ನೇ ನೋಡಿದಳು.

"ಗೊತ್ತಾಯ್ತು ಮಾವ! ಬೆಳಿಗ್ಗೆ ಓಣಿ ತುಂಬ ರಂಗೋಲಿ ಇರ್ತದೆ. ತುಳೀಬಾರ್ದು ಅಂತ ಕಾಲೆತ್ತಿ ದಾಟ್ತೀರಿ. ಸಾಯಂಕಾಲಕ್ಕೆ ಎಲ್ಲ ಅಳಿಸೋಗಿರ್ತದೆ, ನಿಂತ್ಬುಡ್ತೀರಿ."

ಅಂಗಳದಲ್ಲಿ ಅಡ್ಡಗೆರೆ ಎಳೆದು ನೋಡಿದಳು. ಮಾವ ದಾಟಿದರು, ತಿರುಗಿಯೂ ಬಂದರು. "ಡಾಕ್ಟ್ರಿಗೂ ಹೊಳೀದಿದ್ದು ನಿಂಗೆ ಹೊಳೀತಲ್ಲಮ್ಮ!" ಎಂದರು.

ಪೂಜೆಯ ಸಂಜೆ ಅವಳು ಮನೆಯಿಂದ ಗರಡಿಯ ಬಾಗಿಲವರೆಗೆ, ಅಂದರೆ ನಾಲ್ಕು ಮನೆಗಳ ಉದ್ದಕ್ಕೂ, ರಂಗೋಲಿಪುಡಿಯಲ್ಲಿ ಹೆಜ್ಜೆಗೊಂದು ಅಡ್ಡಗೆರೆ ಎಳೆದಳು. ಪುಟ್ಟಸ್ವಾಮಿಯವರು ಒಂದೊಂದನ್ನೇ ದಾಟಿ ಬಂದರು. ಆದರೆ ಆ ಗರಡಿಯೊಳಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲ. ಒಳಗೆ ಹದಮಾಡಿದ ಮಣ್ಣು ಬೋಳಾಗಿ, ನುಣ್ಣಗೆ ಹರಡಿತ್ತು. ಹೊಸ್ತಿಲು ದಾಟಿದ್ದೇ ತಡ, ಅವರ ಕಾಲು ನಿಂತೇಹೋಯಿತು. ಇಪ್ಪತ್ತು ಪೈಲ್ವಾನರು ಸುತ್ತ ನಿಂತು ನೋಡುತ್ತಿದ್ದರು.

ಚೆಲುವರಾಜು ಮುಂದೆ ಬಂದು, "ಹೆಗಲು ಹಿಡ್ಕಳಿ ವಸ್ತಾದ್ರೆ, ಯಾರೂ ಏನೂ ಅನ್ನಲ್ಲ" ಎಂದ.

"ನನ್ ಜಾಗದ ಮೇಲೆ ಅಷ್ಟು ಆಸೆಯೇನೋ? ಗುದ್ದಲಿ ತಗೋ. ಇಲ್ಲಿಂದ ಅಲ್ಲೀಗಂಟ ಅಡ್ಡಡ್ಡ ಗೆರೆ ಹಾಕು."

"ಬೆಳಿಗ್ಗೆಯಿಂದ ಹದಮಾಡಿರೋ ಮಣ್ಣು!"

"ನಾಳೆ ಇನ್ನೊಂದ್ಸಲ ಮಾಡು. ನಿನ್ ಹೊಟ್ಟೇನೂ ಕರಗ್ತದೆ."

ಗರಡಿಯೆಲ್ಲ ಗೊಳ್ಳೆಂದಿತು. ಚೆಲುವರಾಜುವೂ ನಗುತ್ತಲೇ ಗೆರೆ ಹಾಕಿದ. ಪುಟ್ಟಸ್ವಾಮಿಯವರು ಮೊದಲನೆಯದನ್ನು ನೋಡಿದರು, ಕಾಲೆತ್ತಿದರು, ದಾಟಿದರು. ಆಮೇಲೆ ನಿಲ್ಲಲಿಲ್ಲ. ಕಾಯಿ ಹಿಡಿದೊಡನೆ ಕೈಯ ನಡುಕವೂ ತಗ್ಗಿತು. ಎರಡನೆಯ ಏಟಿಗೆ ಕಾಯಿ ಸರಿಯಾಗಿ ಎರಡು ಹೋಳಾಯಿತು.

ಅದರಲ್ಲಿ ಒಂದು ಹೋಳನ್ನು ಹಿಡಿದುಕೊಂಡು, ಅದೇ ಗೆರೆಗಳನ್ನು ದಾಟುತ್ತ ಅವರು ಬಾಗಿಲಿಗೆ ಹಿಂತಿರುಗಿದರು. ಹೊರಗೆ ಕಾದು ನಿಂತಿದ್ದ ಸೊಸೆಯ ಕೈಗೆ ಅದನ್ನಿತ್ತು, "ಮೊದಲ ಪ್ರಸಾದ ನಿಂದು ಕಣಮ್ಮ" ಎಂದರು.