ವಿಳಾಸಗಳ ಗಿಡ

ನಮ್ಮ ಮನೆತನದ ಹೆಳವಜ್ಜ ಮೂಡಲಗಿಗೆ ಬರುತ್ತಿದ್ದುದು ಸುಗ್ಗಿ ಮುಗಿದ ಮೇಲೆ, ಅದೂ ಎರಡು ಮೂರು ವರ್ಷಕ್ಕೊಮ್ಮೆ. ಎತ್ತಿನ ಕೊರಳ ಗಂಟೆ ಓಣಿಯ ತುದಿಯಲ್ಲಿ ಕೇಳಿಸಿತೆಂದರೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಮೊರದಲ್ಲಿ ಜೋಳ ತುಂಬಿಕೊಳ್ಳುತ್ತಿದ್ದಳು. ಮನೆತನಗಳ ವಂಶಾವಳಿ ಬರೆದಿಟ್ಟು, ಮನೆ ಮನೆಗೆ ಹೋಗಿ ಅದನ್ನು ಹೇಳುವುದು ಹೆಳವರ ಕಸುಬು. ಅಜ್ಜ ಬಾಗಿಲ ಮುಂದೆ ಎತ್ತು ನಿಲ್ಲಿಸಿ, ನಮ್ಮ ಮೂಲಪುರುಷನಿಂದ ಹಿಡಿದು ನನ್ನವರೆಗೆ ಪುಸ್ತಕ ತೆರೆಯದೆ ಹೇಳುತ್ತಿದ್ದ. ನಡುವಿನಿಂದ ಶುರು ಮಾಡೆಂದರೆ ಅವನಿಗೆ ಆಗುತ್ತಿರಲಿಲ್ಲ. ಬುಡದಿಂದಲೇ ಹತ್ತಬೇಕು. ಮೂಲಪುರುಷನಿಗೆ ಇಬ್ಬರು ಮಕ್ಕಳು, ಹಿರಿಯವನದು ಕುಲಗೋಡದ ಕೊಂಬೆ, ಕಿರಿಯವನದು ಮೂಡಲಗಿಯ ಕೊಂಬೆ, ಅದರಲ್ಲಿ ಮತ್ತೆ ಇಬ್ಬರು. ಗಂಡುಮಕ್ಕಳಿಲ್ಲದ ಮನೆ ಬಂದಾಗ ‘ಇಲ್ಲಿಗೆ ಈ ಬಳ್ಳಿ ನಿಂತೇತಿ’ ಎಂದು ಒಂದು ಕ್ಷಣ ತಡೆದು, ಪಕ್ಕದ ಕೊಂಬೆಗೆ ದಾಟುತ್ತಿದ್ದ.

ಕೊನೆಗೆ ನನ್ನ ಹೆಸರು ಬರುತ್ತಿತ್ತು. ನನ್ನದಾದ ಮೇಲೆ ಏನೂ ಇರುತ್ತಿರಲಿಲ್ಲ.

ನನಗೊಬ್ಬ ತಂಗಿ ಇದ್ದಳು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಆರನೆಯ ವಯಸ್ಸಿನಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅವಳ ಒಂದು ಫೋಟೋ ಕೂಡ ನಾವು ತೆಗೆಸಿರಲಿಲ್ಲ. ರೇಷನ್ ಕಾರ್ಡು ಹೊಸದಾಗಿ ಮಾಡಿಸಿದಾಗ ಅಲ್ಲಿಂದಲೂ ಅವಳ ಹೆಸರು ಹೋಯಿತು. ಆಮೇಲೆ ಅವಳಿದ್ದಳು ಅನ್ನುವುದಕ್ಕೆ ಅವ್ವನ ಬಾಯೊಂದೇ ಸಾಕ್ಷಿಯಾಗಿತ್ತು. ಹೆಳವಜ್ಜ ಬಂದಾಗಲೆಲ್ಲ ಅವ್ವ ಅವಳ ಹೆಸರನ್ನೂ ಬರೆದುಕೊಳ್ಳಿರಿ ಎಂದು ಕೇಳುತ್ತಿದ್ದಳು. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿ ತಮ್ಮ ಪುಸ್ತಕದಲ್ಲಿ ಇಲ್ಲ, ಅವರು ಹೋದ ಮನೆಯ ಬಳ್ಳಿಗೆ ಸೇರುತ್ತಾರೆ ಎಂದು ಅಜ್ಜ ಮೆತ್ತಗೆ ಹೇಳುತ್ತಿದ್ದ.

“ನನ್ನ ಮಗಳು ಯಾವ ಮನಿಗೂ ಹೋಗಲಿಲ್ಲಲ್ರಿ ಅಜ್ಜಾರ,” ಅಂದಿದ್ದಳು ಅವ್ವ ಒಂದು ಸಲ.

ಅಜ್ಜ ಜೋಳವನ್ನು ಚೀಲಕ್ಕೆ ಸುರಿದುಕೊಂಡು, ಎತ್ತಿನ ಹಗ್ಗ ಹಿಡಿದು ಹೊರಟುಹೋದ. ನಾನಾಗ ಕಾಲೇಜಿನಲ್ಲಿದ್ದೆ. ಅವ್ವ ಪ್ರತಿ ಸಲವೂ ಹೀಗೆ ಬೇಡಿಕೊಳ್ಳುವುದು ನನಗೆ ಸಿಟ್ಟು ತರಿಸುತ್ತಿತ್ತು. ಸತ್ತವರ ಹೆಸರನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆಸಿ ಏನು ಸಿಗುತ್ತದೆ ಎಂದು ಕೇಳಿದ್ದೆ ಕೂಡ. ಅವ್ವ ಖಾಲಿ ಮೊರ ಎತ್ತಿಕೊಂಡು ಒಳಗೆ ಹೋದಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಗೋಕಾಕಿನಲ್ಲಿ ಇಂಟರ್ನೆಟ್ ಕೊಡುವ ಒಂದು ಸಣ್ಣ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮೊದಲ ಮಹಡಿಯಲ್ಲಿ ಎರಡು ಕೋಣೆ, ಮಾಳಿಗೆಯ ಮೇಲೊಂದು ಗೋಪುರ. ಅಲ್ಲಿಂದ ಗಾಳಿಯಲ್ಲಿ ಮೂಡಲಗಿ, ಹುಕ್ಕೇರಿ, ಘಟಪ್ರಭಾದವರೆಗೆ ಸಂಪರ್ಕ ಕೊಡುತ್ತಿದ್ದೆವು. ಗಿರಾಕಿಗಳೆಂದರೆ ಸೈಬರ್ ಸೆಂಟರಿನವರು, ಬೀಜ ಗೊಬ್ಬರದ ಅಂಗಡಿಗಳವರು, ಒಂದೆರಡು ಕಚೇರಿಗಳು. ಎಲ್ಲರ ಇಂಟರ್ನೆಟ್ ಸಂಚಾರವೂ ನಮ್ಮಲ್ಲಿದ್ದ ಒಂದು ಮುದಿ ಕಂಪ್ಯೂಟರಿನ ಮೂಲಕ ಹಾಯಬೇಕು. ಊರಿಗೊಂದು ಅಗಸೆ ಬಾಗಿಲಿದ್ದಂತೆ ನಮಗೆ ಅದು.

ಆ ವರ್ಷಗಳಲ್ಲಿ ಕಂಪ್ಯೂಟರುಗಳಿಗೆ ವೈರಸ್ಸಿನ ಕಾಟ ವಿಪರೀತ. ಒಬ್ಬರ ಯಂತ್ರಕ್ಕೆ ಹತ್ತಿತೆಂದರೆ ಅದು ಸುಮ್ಮನೆ ಕಸ ಕಳಿಸುತ್ತ ಎಲ್ಲರ ದಾರಿಯನ್ನೂ ಕಟ್ಟಿಹಾಕುತ್ತಿತ್ತು. ಹತ್ತಿದವರ ವಿಳಾಸವನ್ನು ಬಾಗಿಲಲ್ಲೇ ತಡೆದು, ಅವರು ಯಂತ್ರ ಸ್ವಚ್ಛ ಮಾಡಿದ ಮೇಲೆ ಬಿಡು ಎಂದು ಮಾಲೀಕರು ನನಗೆ ವಹಿಸಿದರು. ತಡೆದವರ ಪಟ್ಟಿ ಉದ್ದವಾದಷ್ಟೂ ಮುದಿ ಯಂತ್ರ ಏದುಸಿರು ಬಿಡುತ್ತಿತ್ತು. ಅದಕ್ಕಾಗಿ ನಾನು ಪಟ್ಟಿಯನ್ನು ಕೈಬಿಟ್ಟು ಒಂದು ಗಿಡ ಬರೆದೆ.

ಇಂಟರ್ನೆಟ್ಟಿನ ವಿಳಾಸ ಅಂದರೆ ಒಳಗೆ ಮೂವತ್ತೆರಡು ಸೊನ್ನೆ ಒಂದುಗಳ ಸಾಲು, ಅಷ್ಟೇ. ಬುಡದಿಂದ ಹತ್ತುತ್ತ ಹೋಗಬೇಕು. ಸೊನ್ನೆ ಇದ್ದರೆ ಎಡಗೊಂಬೆ, ಒಂದು ಇದ್ದರೆ ಬಲಗೊಂಬೆ. ಮೊದಲ ಭಾಗ ಒಂದೇ ಆಗಿರುವ ವಿಳಾಸಗಳೆಲ್ಲ ಒಂದೇ ಕೊಂಬೆಯಲ್ಲಿ ಇರುತ್ತವೆ. ತುದಿಯ ಎಲೆ ಒಬ್ಬ ಗಿರಾಕಿ. ಎಲೆಗೆ ಗುರುತು ಹಾಕಿದರೆ ಅವನೊಬ್ಬನನ್ನು ತಡೆದಂತೆ. ಕೊಂಬೆಗೆ ಹಾಕಿದರೆ ಆ ಕೊಂಬೆಯವರನ್ನೆಲ್ಲ ತಡೆದಂತೆ. ಬಾಗಿಲಿಗೆ ಯಾರೇ ಬಂದರೂ ಯಂತ್ರ ಬುಡದಿಂದ ಹತ್ತುತ್ತದೆ, ದಾರಿಯಲ್ಲಿ ಗುರುತು ಕಂಡಲ್ಲೇ ಅವರನ್ನು ತಡೆಯುತ್ತದೆ. ಇದರಲ್ಲಿ ನಾನು ಇನ್ನೊಂದು ಜಾಣತನ ಮಾಡಿದ್ದೆ. ಒಂದೇ ಕೊಂಬೆಯ ಜೋಡಿ ಎಲೆಗಳು ಎರಡಕ್ಕೂ ಗುರುತು ಬಿದ್ದರೆ, ಎರಡನ್ನೂ ಕಿತ್ತು ಕೊಂಬೆಗೆ ಒಂದೇ ಗುರುತು ಹಾಕುವುದು. ಜಾಗ ಉಳಿಯಿತಲ್ಲ. ಮಾಲೀಕರು ಬೆನ್ನು ತಟ್ಟಿದರು, ನಾನು ಮೀಸೆ ತಿರುವಿದೆ. ಇಂಥ ಗಿಡ ಪುಸ್ತಕಗಳಲ್ಲಿ ಮೊದಲೇ ಇತ್ತು ನಿಜ, ಆದರೆ ನನಗೆ ಅದು ಓದಿದ ಕೂಡಲೇ ತಲೆಗೆ ಹೊಕ್ಕಿದ್ದು ಹೆಳವಜ್ಜನ ಬಾಯಿಂದ ಅಂಥದ್ದನ್ನೇ ಕೇಳಿ ಬೆಳೆದದ್ದಕ್ಕೆ. ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದರೆ ನನ್ನ ದೊಡ್ಡಸ್ತಿಕೆ ಕಡಿಮೆಯಾಗುತ್ತಿತ್ತು.

ಹುಕ್ಕೇರಿಯ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮ ಗಿರಾಕಿಯಾದ ಒಬ್ಬ ಅಕ್ಕ ಸೈಬರ್ ಸೆಂಟರ್ ಇಟ್ಟಿದ್ದರು. ಲಗ್ನಪತ್ರಿಕೆ, ಅರ್ಜಿ ಟೈಪು ಮಾಡಿಕೊಡುವುದೂ ಅಲ್ಲೇ. ನಮ್ಮ ಹೆಳವಜ್ಜನ ಊರು ಹುಕ್ಕೇರಿಯ ಬಾಜೂದಲ್ಲೇ ಇತ್ತು. ಅವನ ಪುಸ್ತಕಗಳಿಗೆ ಗೆದ್ದಲು ಹತ್ತಿದ್ದರಿಂದ ಅಕ್ಕ ತಾವೇ ಅವುಗಳನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಡಲು ಒಪ್ಪಿದ್ದರು. ವಾರಕ್ಕೆರಡು ದಿನ ಅಜ್ಜ ಬಂದು ಕೂತು ಹೇಳುವುದು, ಅಕ್ಕ ಟೈಪು ಮಾಡುವುದು. ಹೀಗೆ ಪುಸ್ತಕದಲ್ಲಿದ್ದದ್ದೆಲ್ಲ ಮುಗಿದ ದಿನ, ಹೆಣ್ಣುಮಕ್ಕಳೆಲ್ಲಿ ಎಂದು ಅಕ್ಕ ಕೇಳಿದರಂತೆ. ಅಜ್ಜ ಎರಡು ವಾರ ಬರಲೇ ಇಲ್ಲ. ಮೂರನೆಯ ವಾರ ಬಂದು ಕೂತು ಹೆಣ್ಣುಮಕ್ಕಳ ಹೆಸರು ಹೇಳತೊಡಗಿದ. ಐವತ್ತು ವರ್ಷ ಬಾಗಿಲು ಬಾಗಿಲಲ್ಲಿ ತಾಯಂದಿರು ಹೇಳಿಕೊಂಡಿದ್ದ ಹೆಸರುಗಳು. ಬರೆದುಕೊಂಡಿರಲಿಲ್ಲವೇ ಹೊರತು, ಒಂದನ್ನೂ ಮರೆತಿರಲಿಲ್ಲ. ಅಕ್ಕ ಅವನ್ನು ಬೇರೆ ಕಡತದಲ್ಲಿ ಇಟ್ಟಿದ್ದರು, ಆಮೇಲೆ ಕೊಂಬೆ ಕೊಂಬೆಗೆ ಜೋಡಿಸಿದರಾಯಿತೆಂದು.

ಆ ವರ್ಷ ಅಜ್ಜ ಮೂಡಲಗಿಗೆ ಬಂದಾಗ ಎತ್ತಿನಿಂದ ಇಳಿಯುವ ಮೊದಲೇ ಅವ್ವನಿಗೆ ಹೇಳಿದ, “ನಿಮ್ಮ ಮಗಳನ್ನ ಸೇರಿಸೇನಿ ತಾಯಿ. ಮುಂದಿನ ಸಲ ಕಾಗದಾನ ತಂದು ಓದತೇನಿ.”

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಆ ದಿನ ಅಜ್ಜನನ್ನು ಒಳಗೆ ಕರೆದು ಹೋಳಿಗೆ ಮಾಡಿ ಬಡಿಸಿದಳು. ನಮ್ಮ ಮನೆಯಲ್ಲಿ ಹಬ್ಬವಿಲ್ಲದ ದಿನ ಹೋಳಿಗೆ ಮಾಡಿದ್ದು ಅದೊಂದೇ ಸಲ. ನನ್ನ ಹಳೆಯ ಪ್ರಶ್ನೆಗೆ ನನಗೇ ನಾಚಿಕೆಯಾಯಿತು.

ಮುಂದಿನ ಬೇಸಿಗೆಯಲ್ಲಿ ಅಕ್ಕನ ಯಂತ್ರಕ್ಕೆ ವೈರಸ್ ಹತ್ತಿತು. ತಡೆದೆ. ಅದೇ ವಾರ ಹುಕ್ಕೇರಿಯ ಒಂದು ಬೀಜದ ಅಂಗಡಿಗೂ ಹತ್ತಿತು, ಅವರನ್ನೂ ತಡೆದೆ. ಎರಡು ದಿನ ಬಿಟ್ಟು ಅಕ್ಕ ಫೋನು ಮಾಡಿ ಸ್ವಚ್ಛ ಮಾಡಿಸಿದ್ದೇನೆ, ಬಿಡಿರಿ ಅಂದರು. ಗಿಡದಿಂದ ಅವರ ವಿಳಾಸ ತೆಗೆಯಲು ಯಂತ್ರಕ್ಕೆ ಹೇಳಿದೆ. ‘ಇಲ್ಲ’ ಎಂದು ತೋರಿಸಿತು. ಯಾರೋ ಆಗಲೇ ತೆಗೆದಿರಬೇಕು ಅಂದುಕೊಂಡೆ. ಆ ಕೆಲಸ ಮಾಡುತ್ತಿದ್ದವನು ನಾನೊಬ್ಬನೇ ಅನ್ನುವುದು ಕೂಡ ಆಗ ಹೊಳೆಯಲಿಲ್ಲ.

ಮರುದಿನ ಅಕ್ಕ ಮತ್ತೆ ಫೋನು ಮಾಡಿದರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ವಾರ, ಸೆಂಟರಿನ ಮುಂದೆ ಹುಡುಗರು ಬಂದು ಬಂದು ತಿರುಗಿ ಹೋಗುತ್ತಿದ್ದರಂತೆ. ನಾನು ಮತ್ತೆ ನೋಡಿದೆ, ಮತ್ತೆ ‘ಇಲ್ಲ’. ನನ್ನ ಗಿಡದ ಮೇಲೆ ನನಗೆ ಅಷ್ಟು ನಂಬಿಕೆ. ದೋಷ ನಿಮ್ಮ ಯಂತ್ರದಲ್ಲೇ ಇದೆ ಎಂದು ದನಿ ಏರಿಸಿ ಹೇಳಿದೆ. ಮೂರನೆಯ ದಿನ ಅವರ ಫೋನು ಬಂದಾಗ ನಾನು ಮೂಡಲಗಿ ಬಸ್ಸಿಗೆ ಹೊರಟು ನಿಂತಿದ್ದೆ.

“ನಮ್ಮ ಕಡೆ ನಿಮ್ಮನ್ನ ತಡದಿಲ್ರಿ ಅಕ್ಕಾರ. ಡಿಸ್ಕ್ ಪೂರಾ ಅಳಿಸಿ ಹೊಸದಾಗಿ ಹಾಕಿಸ್ರಿ,” ಅಂದೆ.

“ಅದರಾಗ ಹೆಳವಜ್ಜಾರದು ಐತ್ರಿ ಸರ.”

“ಫ್ಲಾಪಿಗೆ ಹಾಕ್ಕೊಂಡು ಅಳಿಸ್ರಿ.”

ಎರಡೆರಡು ಪ್ರತಿ ತೆಗೆದಿಡಿರಿ ಅನ್ನಲಿಲ್ಲ. ಫ್ಲಾಪಿ ಎಷ್ಟು ಬೇಗ ಕೆಡುತ್ತದೆ ಎಂದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಂಗಿಯ ಹೆಸರು ಆ ಡಿಸ್ಕಿನಲ್ಲೇ ಇದೆ ಅನ್ನುವುದೂ ಗೊತ್ತಿತ್ತು. ಬಸ್ಸು ತಪ್ಪುತ್ತದೆಂದು ಫೋನು ಇಟ್ಟೆ.

ಡಿಸ್ಕ್ ಅಳಿಸಿ ಎಲ್ಲ ಹೊಸದಾಗಿ ಹಾಕಿಸಿದರೂ ಇಂಟರ್ನೆಟ್ ಬಂದಿಲ್ಲ ಎಂದು ಅಕ್ಕ ಮರುದಿನ ಫೋನು ಮಾಡಿದಾಗ ಮಾತ್ರ ನನ್ನ ಗಿಡದ ಮೇಲೆ ನನಗೆ ಅನುಮಾನ ಬಂತು. ನಾನು ಬರೆದದ್ದನ್ನು ಸಾಲು ಸಾಲಾಗಿ ಓದಿದೆ. ಅಕ್ಕನ ವಿಳಾಸವೂ ಬೀಜದ ಅಂಗಡಿಯ ವಿಳಾಸವೂ ಜೋಡಿ ಎಲೆಗಳು. ಎರಡನ್ನೂ ತಡೆದ ಕೂಡಲೇ ನನ್ನ ಜಾಣ ಗಿಡ ಎಲೆಗಳನ್ನು ಕಿತ್ತು ಕೊಂಬೆಗೆ ಗುರುತು ಹಾಕಿತ್ತು. ಆಮೇಲೆ ಅಕ್ಕನ ಎಲೆ ಹುಡುಕಿದಾಗ ಎಲೆಯೇ ಇರಲಿಲ್ಲ. ಇಲ್ಲ ಎಂದು ಹೇಳಿ ಸುಮ್ಮನಾಗಿತ್ತು. ಕೊಂಬೆಯ ಗುರುತು ಹಾಗೇ ಇದ್ದು ಬಾಗಿಲಲ್ಲಿ ಅವರನ್ನು ತಡೆಯುತ್ತಲೇ ಇತ್ತು. ಒಬ್ಬರನ್ನು ಬಿಡಬೇಕಾದರೆ ಕೊಂಬೆಯ ಗುರುತು ಅಳಿಸಿ, ಇನ್ನೊಂದು ಎಲೆಯನ್ನು ಮತ್ತೆ ಚಿಗುರಿಸಿ ಅದಕ್ಕೆ ಗುರುತು ಹಾಕಬೇಕಿತ್ತು. ಕೂಡಿಸುವುದನ್ನು ಬರೆದಿದ್ದೆ, ಬಿಡಿಸುವುದನ್ನು ಬರೆದಿರಲಿಲ್ಲ. ಸರಿಪಡಿಸಲು ಒಂದು ತಾಸು ಸಾಕಾಯಿತು.

ಈಗ ನೋಡಿರಿ ಎಂದು ಫೋನು ಮಾಡಿದೆ. ಬಂತು ಅಂದರು ಅಕ್ಕ. ಬಹಳ ಸಂತೋಷವಾಗಿತ್ತು ಅವರಿಗೆ.

“ನೀವು ಹೇಳಿದಂಗ ಡಿಸ್ಕ್ ಅಳಿಸಿದ್ದು ಚಲೋ ಆತ್ ನೋಡ್ರಿ ಸರ.”

ಹೂಂ ಅಂದೆ. ನನ್ನ ಬಾಳಿನಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ಮಾತು ಅದೇ ಇರಬೇಕು.

ಎಂಟು ದಿನದ ಮೇಲೆ ತಿಳಿಯಿತು, ಹೆಣ್ಣುಮಕ್ಕಳ ಕಡತವಿದ್ದ ಫ್ಲಾಪಿ ತೆರೆಯುತ್ತಿಲ್ಲವೆಂದು. ಗೋಕಾಕಿಗೆ ತರಿಸಿಕೊಂಡು ನನ್ನಿಂದಾದದ್ದೆಲ್ಲ ಮಾಡಿ ನೋಡಿದೆ. ಏನೂ ಬರಲಿಲ್ಲ. ಅಕ್ಕ ನನಗೇ ಸಮಾಧಾನ ಹೇಳಿದರು. ಅಜ್ಜನ ತಲೆಯಲ್ಲಿ ಎಲ್ಲ ಇದೆ, ಮಳೆಗಾಲದಲ್ಲಿ ಅವನಿಗೂ ತಿರುಗಾಟವಿರುವುದಿಲ್ಲ, ಕೂರಿಸಿಕೊಂಡು ಮತ್ತೆ ಬರೆಯುತ್ತೇನೆ ಅಂದರು. ಮಳೆ ಶುರುವಾಗುವ ಹೊತ್ತಿಗೆ ಅಜ್ಜನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ಒಂದು ರವಿವಾರ ಹುಕ್ಕೇರಿಗೆ ಹೋಗಿ ಅಕ್ಕನ ಜೊತೆ ಅವನನ್ನು ನೋಡಿಬಂದೆ. ಅಕ್ಕ ಪುಸ್ತಕದಿಂದ ಒಂದು ಮನೆತನವನ್ನು ಬುಡದಿಂದ ಓದುತ್ತ ಹೋದರು, ಹಾಗಾದರೂ ನಾಲಿಗೆ ಹೊರಳೀತೆಂದು. ಪ್ರತಿ ಕೊಂಬೆಯ ತುದಿಯಲ್ಲಿ ಅವರು ತಡೆದು ನಿಂತಾಗ ಅಜ್ಜನ ತುಟಿ ಅಲುಗುತ್ತಿತ್ತು. ಅವನಿಗೆ ಹೆಸರು ನೆನಪಿತ್ತು. ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಅಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಎದ್ದು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನವರೆಗೆ ಬಂದ ಅಕ್ಕ, ನಿಮ್ಮ ಬಳ್ಳಿಯ ಹೆಣ್ಣುಮಕ್ಕಳ ಹೆಸರು ನಿಮ್ಮ ತಾಯಿಗೆ ಗೊತ್ತಿರಬೇಕಲ್ಲ, ಕೇಳಿ ಬರೆದು ಕಳಿಸಿರಿ, ಸಿಕ್ಕಷ್ಟಾದರೂ ಸೇರಿಸೋಣ ಅಂದರು. ಆಗಲಿ ಅಂದೆ. ತಂಗಿಯ ಹೆಸರನ್ನು ಕೇಳಬೇಕಾಗಿಯೂ ಇರಲಿಲ್ಲ, ಅಲ್ಲೇ ಒಂದು ಚೀಟಿಯ ಮೇಲೆ ಬರೆದು ಕೊಡಬಹುದಿತ್ತು. ಆದರೆ ಅವಳೊಬ್ಬಳ ಹೆಸರು ಕೊಟ್ಟು, ನನ್ನಿಂದಲೇ ಅಳಿಸಿಹೋದ ಉಳಿದವರ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ? ಕೊಡುವುದಾದರೆ ನಡೆದದ್ದನ್ನೂ ಹೇಳಬೇಕು. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಉಳಿದವರ ಹೆಸರಿಗಾಗಿ ಅವ್ವನನ್ನು ಕೇಳಿದರೆ ಅವಳಿಗೂ ಹೇಳಬೇಕಾಗುತ್ತದೆ. ಅವಳೋ ಸುಗ್ಗಿಗೆ ಕಾಯುತ್ತಿದ್ದಳು. ನಾಳೆ ಕಳಿಸಿದರಾಯಿತು, ಮುಂದಿನ ವಾರ ಕಳಿಸಿದರಾಯಿತು ಎಂದು ದಿನ ದೂಡಿದೆ. ಅಕ್ಕನ ಫೋನು ಬಂದರೆ ಕಚೇರಿಯಲ್ಲಿಲ್ಲ ಎಂದು ಹೇಳಿಸಿದೆ. ಕಡೆಗೆ ಅವರೂ ಕೇಳುವುದನ್ನು ಬಿಟ್ಟರು.

ಸುಗ್ಗಿ ಮುಗಿದ ಮೇಲೆ ಅಜ್ಜನ ಮಗ ಬಂದ. ಎತ್ತು ಇರಲಿಲ್ಲ, ಗಂಟೆಯೂ ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದ. ನಲವತ್ತು ದಾಟಿದ ಗಂಭೀರ ಮನುಷ್ಯ. ಬಾಗಿಲ ಮುಂದೆ ನಿಂತು ಚೀಲದಿಂದ ಅಕ್ಕ ಅಚ್ಚು ಹಾಕಿಕೊಟ್ಟಿದ್ದ ಹಾಳೆಗಳನ್ನು ತೆಗೆದು ಓದತೊಡಗಿದ. ಅವ್ವ ಆ ದಿನ ಮೊರದ ತುಂಬ ಜೋಳದ ಮೇಲೆ ಒಂದು ಸಣ್ಣ ಕುಬಸದ ಖಣವನ್ನೂ ಇಟ್ಟುಕೊಂಡು ನಿಂತಿದ್ದಳು. ಬೆಳಗ್ಗೆ ಪೆಟ್ಟಿಗೆಯ ತಳದಿಂದ ತೆಗೆದಿದ್ದಳು ಅದನ್ನು. ತಂಗಿಗೆಂದು ತಂದು ಹೊಲಿಸದೇ ಉಳಿದ ರವಿಕೆ ಬಟ್ಟೆ. ಮೂಲಪುರುಷ ಬಂದ, ಕುಲಗೋಡದ ಕೊಂಬೆ ಹೋಯಿತು, ಮೂಡಲಗಿಯ ಕೊಂಬೆ ಬಂತು, ಅಪ್ಪ ಬಂದ, ನಾನು ಬಂದೆ. ಅವನು ಹಾಳೆ ಮಡಚಿದ.

“ಮುಂದರಿ?” ಅಂದಳು ಅವ್ವ.

“ಇಷ್ಟ ಐತ್ರಿ ತಾಯಿ.”

ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಅಜ್ಜಾರು ಸೇರಿಸೇನಿ ಅಂದಿದ್ದರಲ್ಲ ಅಂದಳು. ಕಂಪ್ಯೂಟರಿನಲ್ಲಿ ಏನೋ ಆಗಿರಬೇಕು ಅಂದೆ.

“ನೀ ಅದ ಕೆಲಸ ಮಾಡತಿ. ಏನಾಗೇತಿ ಅಂತ ನಿನಗ ಗೊತ್ತಿಲ್ಲೇನು?”

ಇಲ್ಲ ಎಂದು ಹೇಳಿ ಸುಮ್ಮನಾದೆ.

ಅವ್ವ ಖಣವನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡು, ಜೋಳವನ್ನಷ್ಟೇ ಅವನ ಚೀಲಕ್ಕೆ ಸುರಿದಳು.