ಹುಚ್ಚಣ್ಣನ ಮನೆ ಹೊಸ್ತಿಲು

ನಮ್ಮ ಬಿಳಿಗೆರೆಯಲ್ಲಿ ಹುಚ್ಚಣ್ಣನಿಗೆ ಬುದ್ಧಿ ಹೇಳದವರು ಯಾರೂ ಇರಲಿಲ್ಲ. ಹೇಳಿಸಿಕೊಳ್ಳುವುದಕ್ಕೆಂದೇ ಹುಟ್ಟಿದ ಪುಣ್ಯಾತ್ಮ. ನಾವು ಅವನ ಎದುರು ಮನೆಯವರು. ನಮ್ಮ ಯಜಮಾನರು ಮರುಳಸಿದ್ದಯ್ಯನವರದು ಕೊಬ್ಬರಿ ವ್ಯಾಪಾರ. ವಾರಕ್ಕೆರಡು ದಿನ ತಿಪಟೂರಿಗೆ ಹೋಗಿ ಬಂದರೆ ಮುಗಿಯಿತು, ಮಿಕ್ಕ ದಿನವೆಲ್ಲ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಉಪದೇಶ ಮಾಡುವುದೇ ಕೆಲಸ. ಹಾಗೆಂದು ನಾನೇನು ಕಡಿಮೆಯವಳಲ್ಲ. ಯಾರ ಮನೆ ಗೋಡೆ ಸೊಟ್ಟಗಿದೆ, ಯಾರ ಮನೆ ಹೆಂಚು ಸೋರುತ್ತದೆ, ಎಲ್ಲ ನನ್ನ ಬಾಯಲ್ಲೇ ಇರುತ್ತಿತ್ತು. ಗಿರಿಜಾಂಬಿಕಾ ಎಂದು ಹೆಸರಿಟ್ಟ ನಮ್ಮಪ್ಪ ಬಾಯಿಗೊಂದು ಬಾಗಿಲು ಇಡುವುದನ್ನು ಮರೆತಿದ್ದ.

ಹುಚ್ಚಣ್ಣನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು, "ಆಗ್ಲಿ ಬುಡಿ." ಬಚ್ಚಲು ಹಿತ್ತಲ ಕಡೆಗಿರಬೇಕು ಎಂದು ಪಕ್ಕದ ಮನೆಯ ಕರಿಯಪ್ಪ ಹೇಳಿದ, ಆಗ್ಲಿ ಬುಡಿ ಎಂದು ಅಲ್ಲಿಗೆ ಹಾಕಿದ. ನೀರೊಲೆಯ ಹೊಗೆ ಕೊಟ್ಟಿಗೆಗೆ ನುಗ್ಗುತ್ತದೆ ಎಂದು ನಮ್ಮವರು ಹೇಳಿದರು, ಕಿತ್ತು ಮಗ್ಗುಲಿಗೆ ಕಟ್ಟಿದ. ಬೀದಿಗೆ ಕಾಣುತ್ತದಲ್ಲಪ್ಪ, ಹೆಂಗಸರು ಹೇಗೆ ಮಿಂದಾರು ಎಂದು ನಾನು ಅಂದೆ, ಅದನ್ನೂ ಕಿತ್ತ. "ಇನ್ನೊಂದ್ ಸಲ ಈ ಬಚ್ಲು ಕದಲಿದ್ರೆ ನಾನು ತ್ವಾಟದ್ ಬಾವಿ ತಾವ್ಲೇ ಮಿಂದ್ಕೋತೀನಿ" ಎಂದು ಅವನ ಹೆಂಡತಿ ಸಿದ್ದಮ್ಮ ಕೂಗಾಡಿದ ಮೇಲೆ ಆ ಬಚ್ಚಲು ಒಂದು ಕಡೆ ನಿಂತಿತು.

ಅವರಿಗಿದ್ದುದು ಒಬ್ಬಳೇ ಮಗಳು, ಲಕ್ಷ್ಮಿದೇವಮ್ಮ. ತುರುವೇಕೆರೆ ಕಡೆಯ ಸಂಪಿಗೆಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಸಿದ್ದಮ್ಮ ಹರಕೆ ಹೊರದ ದೇವರಿಲ್ಲ. ಪ್ರತಿ ವರ್ಷ ಅಟ್ಟದಿಂದ ಕಾಯಿ ಇಳಿಸಿ ಸುಲಿದು ಕೊಬ್ಬರಿ ತೆಗೆಯುವಾಗ, ಒಡೆಯದ, ಬಿಳುಪಾದ ಉಂಡೆಗಳನ್ನು ಆರಿಸಿ ಒಂದು ಗುಡಾಣಕ್ಕೆ ತುಂಬುವಳು. ಮಗಳ ಬಾಣಂತನಕ್ಕೆ ಅಂಟಿನುಂಡೆ ಕಟ್ಟಲು. ವರ್ಷ ಕಳೆದು ಕಮಟು ವಾಸನೆ ಬಂದರೆ ಅದನ್ನು ಎಣ್ಣೆ ಆಡಿಸಿ, ಗುಡಾಣ ತೊಳೆದು, ಮತ್ತೆ ಹೊಸ ಕೊಬ್ಬರಿ ತುಂಬುವಳು. ಹೀಗೆ ಆರು ಸಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ನನ್ನ ಕೈಯಾರೆ ನೀರು ಹಾಕಬೇಕು, ಅದೊಂದೇ ಅವಳ ಆಸೆ.

ಎಪ್ಪತ್ತೆಂಟನೇ ಇಸವಿ, ದೀಪಾವಳಿ ಮುಗಿದ ಹೊಸತು. ಜಗಲಿಯಲ್ಲಿ ಹುಚ್ಚಣ್ಣನ ಮನೆ ಬಾಗಿಲಿನ ಮಾತು ಬಂತು. ಅದು ಅವರ ತಾತನ ಕಾಲದ ಗಿಡ್ಡ ಬಾಗಿಲು. ಮದುವೆಯಾದ ಹೊಸದರಲ್ಲಿ ಅಳಿಯನ ಹಣೆ ಅದಕ್ಕೆ ಬಡಿದು ಬುಗುಟು ಬಂದಿತ್ತು. "ಬಂದೋರೆಲ್ಲ ನಿನ್ ಮನೆಗೆ ತಲೆ ಚಚ್ಚಿಸ್ಕೊಂಡೇ ಬರ್ಬೇಕೇನೋ? ಎತ್ತರದ ಬಾಗ್ಲು ಇಡ್ಸೋ" ಎಂದರು ನಮ್ಮವರು. ಆಗ್ಲಿ ಬುಡಿ. ತಿಪ್ಪಯ್ಯ ಆಚಾರಿ ಹಲಸಿನ ಮರ ತಂದು ಚೌಕಟ್ಟು ಮಾಡಿದ. ಹಳೆಯ ಹೊಸ್ತಿಲು ಇದ್ದಂತೆಯೇ ಇರಲಿ, ಅದರ ಮೇಲೇ ಕೂರಿಸುತ್ತೇನೆ ಎಂಬುದು ಅವನ ಲೆಕ್ಕ.

ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಹೊಸ್ಲೂ ಕೀಳ್ಸು ಹುಚ್ಚಣ್ಣ. ಒಳಗೆಲ್ಲ ಗೆದ್ದಲು ತಿಂದಿರ್ತೈತೆ. ಹೊಸ ಸೀರೆಗೆ ಹರಕಲು ರವಿಕೆ ಹಾಕ್ಕೊಂಡಂಗೆ ಆಯ್ತದೆ" ಅಂದೆ.

"ಆಗ್ಲಿ ಬುಡಿ ಗಿರಿಜಮ್ನೋರೆ" ಅಂದ.

ಬುಧವಾರ ಹಳೆ ಬಾಗಿಲನ್ನೂ ಹೊಸ್ತಿಲನ್ನೂ ಕಿತ್ತರು. ಹೊಸ್ತಿಲ ಮೇಲೆ ನೂರು ವರ್ಷದ ಅರಿಸಿನ ಕುಂಕುಮ ಗಟ್ಟಿಯಾಗಿ ಪದರಪದರ ಕೂತಿತ್ತು. ತಿಪ್ಪಯ್ಯ ಉಳಿಯ ಹಿಡಿಯಿಂದ ತಟ್ಟಿ ನೋಡಿ, "ಕಲ್ಲಿದ್ದಂಗೈತೆ ಕಣಮ್ಮ, ಎಲ್ಲಿ ಗೆದ್ಲು?" ಎಂದು ನನ್ನ ಮುಖ ನೋಡಿದ. ನಾನು ಎಮ್ಮೆಗೆ ನೀರು ತೋರಿಸುವ ನೆಪ ಮಾಡಿಕೊಂಡು ಒಳಗೆ ಹೋದೆ. ಹೊಸದನ್ನು ಅವತ್ತೇ ಕೂರಿಸಬಹುದಿತ್ತು. ನಮ್ಮವರು ಬಿಡಬೇಕಲ್ಲ! ಸಂಜೆಯಾಯಿತು, ನಾಡಿದ್ದು ಶುಕ್ರವಾರ ಪ್ರಶಸ್ತವಾಗಿದೆ ಎಂದರು.

ಗುರುವಾರ ಮಧ್ಯಾಹ್ನ ಸಂಪಿಗೆಯಿಂದ ಕಾರ್ಡು ಬಂತು. ಸಿದ್ದಮ್ಮನಿಗೆ ಓದಿ ಹೇಳಿದವಳು ನಾನೇ. ಲಕ್ಷ್ಮಿಗೆ ಐದು ತಿಂಗಳು ತುಂಬಿದೆ, ದೃಷ್ಟಿಯಾಗಬಾರದೆಂದು ಇಲ್ಲಿಯವರೆಗೆ ತಿಳಿಸಿರಲಿಲ್ಲ, ಏಳಕ್ಕೆ ಬಿದ್ದ ಮೇಲೆ ಕರೆತಂದು ಬಿಡುತ್ತೇವೆ. ಸಿದ್ದಮ್ಮ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನನ್ನನ್ನು ತಬ್ಬಿಕೊಂಡಳು, ಬೀದಿಗೆಲ್ಲ ಬೆಲ್ಲ ಹಂಚಿದಳು. ಹುಚ್ಚಣ್ಣ ನಗುತ್ತಾ ನಮ್ಮ ಜಗಲಿಗೂ ಬೆಲ್ಲ ತಂದ.

ನಮ್ಮವರು ಬೆಲ್ಲ ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಿಲ್ಲಿಸಿದರು.

"ಹಂಗಾರೆ ನಾಳೆ ನೀನು ಹೊಸ್ಲು ಇಡೋ ಹಂಗಿಲ್ವಲ್ಲೋ" ಎಂದರು.

ನನಗೂ ಆಗಲೇ ಹೊಳೆದಿದ್ದು. ಬಸುರಿ ಇರುವ ಮನೆಯಲ್ಲಿ ಹೆರಿಗೆಯಾಗುವವರೆಗೆ ಹೊಸ್ತಿಲು ಇಡಬಾರದು, ಬಸುರಿ ಆ ಮನೆಯ ಮಗಳಾಗಿ ಗಂಡನ ಮನೆಯಲ್ಲಿದ್ದರೂ ಸರಿ. ಇದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಇಟ್ಟರೆ ಒಳಗಿನ ಕೂಸಿಗೆ ಕೇಡು ಎನ್ನುತ್ತಾರೆ. ಹೊಸ್ತಿಲಿಲ್ಲದ ಮನೆಗೆ ಬಸುರಿಯನ್ನು ಕರೆದುಕೊಳ್ಳುವಂತೆಯೂ ಇಲ್ಲ, ಕಂಡದ್ದು ಕಾಣದ್ದು ಎಲ್ಲ ಒಳಕ್ಕೆ ಬರುತ್ತದೆ. "ಹಳೇದನ್ನೇ ಇಟ್ಬುಡಾನ?" ಎಂದ ಹುಚ್ಚಣ್ಣ. "ಹಳೇದಾದ್ರೇನು, ಇಟ್ರೆ ಇಟ್ಟಂಗೇ ಅಲ್ವೇನಯ್ಯಾ" ಎಂದರು ಇವರು.

ನನಗೆ ಉರಿದುಹೋಯಿತು. "ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿಮ್ ಗಂಟೇನು ಹೋಗ್ತಿತ್ತು? ಬುಧವಾರವೇ ಇಟ್ಟಾಗಿರೋದು" ಎಂದೆ. "ಕೀಳ್ಸು ಅಂದೋಳು ಯಾರೇ?" ಎಂದರು.

ರಾತ್ರಿಯೆಲ್ಲ ಯೋಚಿಸಿ ಇವರೇ ಒಂದು ದಾರಿ ಹುಡುಕಿದರು. ಬೆಳಗ್ಗೆ ಕರೆಸಿ ಹೇಳಿದರು: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರೆ ನೋಡು. ಕಾಯಿ ಒಡೆಯೋಕೆ ಮುಂಚೆ, ಲಕ್ಷ್ಮಿ ಈ ಮನೆಯೋಳಲ್ಲ, ಕೊಟ್ಟ ಮನೆಯೋಳು ಅಂತ ದೇವರ ಎದುರಿಗೆ ಒಂದ್ ಮಾತು ಹೇಳ್ಬುಡು. ಆಗ ಈ ಮನೇಲಿ ಬಸ್ರೀನೇ ಇಲ್ಲ, ದೋಷಾನೂ ಇಲ್ಲ."

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ತಿಪ್ಪಯ್ಯ ಹೊಸ ಹೊಸ್ತಿಲಿಗೆ ಅರಿಸಿನ ಬಳಿದ. ಗುಂಡಿಗೆ ನವಧಾನ್ಯ ಹಾಕಿದ್ದಾಯಿತು. ಹುಚ್ಚಣ್ಣ ಮಿಂದು, ಒದ್ದೆ ಪಂಚೆಯಲ್ಲಿ ಕಾಯಿ ಹಿಡಿದು ನಿಂತ. ಇವರು "ಹೇಳಪ್ಪ" ಎಂದರು. ಬೀದಿಯ ಜನವೆಲ್ಲ ಅವನ ಬಾಯನ್ನೇ ನೋಡುತ್ತಿದ್ದೆವು. ಹುಟ್ಟಿದಂದಿನಿಂದ ಯಾವುದಕ್ಕೂ ಒಲ್ಲೆ ಎನ್ನದ ಬಾಯಿ ಅದು.

"ಲಕ್ಷ್ಮಿ..." ಎಂದ. ಮುಂದೆ ಬರಲಿಲ್ಲ. ಇನ್ನೊಂದು ಸಲ "ನಮ್ ಲಕ್ಷ್ಮಿ..." ಎಂದ. ಕಾಯಿಯನ್ನು ನೆಲಕ್ಕಿಟ್ಟುಬಿಟ್ಟ.

"ಆಗಲ್ಲ ಕಣ್ರೀ ಯಜಮಾನ್ರೇ."

"ಹೇಳೀ ಅಂದ್ರೆ!" ಎಂದು ಸಿದ್ದಮ್ಮ ಮೈಮೇಲೆ ಬಿದ್ದಳು. "ಬರೀ ಮಾತು ತಾನೆ? ಹೇಳುದ್ರೆ ಮಗ್ಳು ಮನೆಗ್ ಬತ್ತಾಳೆ!"

"ನೀನೇ ಹೇಳು ಮತ್ತೆ" ಎಂದ.

ಸಿದ್ದಮ್ಮ ಬಾಯಿ ತೆರೆದಳು. ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ತಿಪ್ಪಯ್ಯ ಹೊಸ್ತಿಲನ್ನು ಕೊಟ್ಟಿಗೆಗೆ ಸಾಗಿಸಿ, ಚೀಲ ಹೆಗಲಿಗೇರಿಸಿ ಹೋದ.

ಬಾಗಿಲಿದ್ದ ಕಡೆ ತೆಂಗಿನ ಸೋಗೆಯ ತಡಿಕೆ ಕಟ್ಟಿದರು. ಎರಡು ತಿಂಗಳು ಕೋಳಿ, ನಾಯಿ, ಗಾಳಿ ಎಲ್ಲ ಸರಾಗವಾಗಿ ಒಳಗೆ ಹೋಗಿಬರುತ್ತಿದ್ದವು. ಬೀಗರು ನೋಡಿದರೂ ಏನೂ ಅನ್ನಲಿಕ್ಕಿಲ್ಲ, ಅವರೂ ಹೆಣ್ಣು ಹೆತ್ತವರೇ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಸಿದ್ದಮ್ಮ ಅಂಟು ತರಿಸಿದಳು, ಹಳೆ ಸೀರೆ ಒಗೆದು ಮಡಿಸಿದಳು, ನಡುಮನೆಯ ಮೂಲೆಗೆ ಸಗಣಿ ಸಾರಿಸಿ ಮಂಚ ಹಾಕಿದಳು.

ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ಹತ್ತು ಗಂಟೆ ಬಸ್ಸಿಗೆ ಅವರು ಬಂದಿಳಿದರು. ಅತ್ತೆ ಚಿಕ್ಕಗೌರಮ್ಮ ಮುಂದೆ, ಹಿಂದೆ ಊದಿದ ಕಾಲಿನ ಲಕ್ಷ್ಮಿ. ಆರತಿ ತಟ್ಟೆ ಹಿಡಿದು ಸಿದ್ದಮ್ಮ ಹೊರಗೆ ಬಂದಳು. ಚಿಕ್ಕಗೌರಮ್ಮ ತಡಿಕೆಯನ್ನು ಒಂದು ಬೆರಳಲ್ಲಿ ಸರಿಸಿ ನೆಲ ನೋಡಿದಳು. ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಬೀಗ್ರೇ, ಹೊಸ್ಲೆಲ್ಲಿ?"

ಹುಚ್ಚಣ್ಣ ತಲೆ ತಗ್ಗಿಸಿದ. ನಾನೇ ಬೀದಿ ದಾಟಿ ಹೋಗಿ ಎಲ್ಲ ಹೇಳಿದೆ. ತಪ್ಪು ನಮ್ಮದು ಎಂದೆ, ಕೈ ಮುಗಿದೆ. ನಮ್ಮ ಮನೆಯಲ್ಲಾದರೂ ಇರಲಿ, ಹೆರಿಗೆಗೆ ಒಂದು ಕೋಣೆಯನ್ನೇ ಬಿಟ್ಟುಕೊಡುತ್ತೇನೆ ಎಂದೆ.

"ತವ್ರಿಗೆ ಅಂತ ಕರ್ಕೊಂಡ್ ಬಂದಿದ್ದು ಕಣಮ್ಮ, ಎದುರು ಮನೆಗಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿದ್ದು. "ಆರು ವರ್ಸದ್ ಮ್ಯಾಲೆ ಬಸ್ರಾಗವ್ಳೆ. ಏನಾರ ಎಚ್ಚುಕಮ್ಮಿ ಆದ್ರೆ ನಾನ್ ಯಾರ್ನ ಕೇಳ್ಲಿ? ನೀವೇ ಹೇಳಿ."

ನಮ್ಮವರು ಜಗಲಿಯ ಕಂಬ ಹಿಡಿದು ನಿಂತಿದ್ದರು.

ಲಕ್ಷ್ಮಿ ತನ್ನ ಮನೆ ಜಗಲಿಯ ಮೇಲೇ ಊಟ ಮಾಡಿದಳು. ತಡಿಕೆಯ ಸಂದಿಯಿಂದ ಒಳಗಿನ ಮಂಚ ಕಾಣುತ್ತಿತ್ತು, ಆಗಾಗ ಅತ್ತ ನೋಡುವಳು. ತಿರುಗಿ ಹೋಗುವ ಬಸ್ಸಿಗೆ ಹೊತ್ತಾದಾಗ ಅಪ್ಪನನ್ನು ಕೇಳಿದಳು.

"ಎಲ್ಲಾರ್ಗೂ ಆಗ್ಲಿ ಬುಡಿ ಅಂತೀಯಲ್ಲಪ್ಪಯ್ಯ. ಅದೊಂದ್ ಮಾತ್ ಅಂದ್ಬುಟ್ಟಿದ್ರೆ ನಾನ್ ಬರ್ತಿರ್ನಿಲ್ವಾ?"

"ಅನ್ನಾಕ್ ಹೋದೆ ಕಣವ್ವ" ಎಂದ ಹುಚ್ಚಣ್ಣ. "ಬಾಯಿ ಬರ್ಲಿಲ್ಲ."

ಅವಳು ಅಪ್ಪನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅತ್ತೆ ಎದ್ದಳು, ಅವಳೂ ಎದ್ದಳು. ಸಿದ್ದಮ್ಮ ಗುಡಾಣದ ಕೊಬ್ಬರಿಯನ್ನೆಲ್ಲ ಸೀರೆಯಲ್ಲಿ ಗಂಟು ಕಟ್ಟಿ ಬೀಗಿತಿಯ ಕೈಗೆ ಕೊಟ್ಟು, "ಅಂಟಿನುಂಡೆ ನೀವೇ ಕಟ್ಕೊಡಿ, ಸುಂಟಿ ಸ್ವಲ್ಪ ಕಮ್ಮಿ ಹಾಕಿ, ಅವ್ಳಿಗ್ ಖಾರ ಆಗಲ್ಲ" ಎಂದಳು. ಬಸ್ಸು ಹೋದ ಮೇಲೂ ಆ ಮಾತನ್ನೇ ಹೇಳುತ್ತಿದ್ದಳು.

ಚೈತ್ರದಲ್ಲಿ ಸಂಪಿಗೆಯಲ್ಲೇ ಹೆಣ್ಣು ಮಗುವಾಯಿತು, ಹೆರಿಗೆ ಸುಸೂತ್ರ. ಹುಚ್ಚಣ್ಣ ಸಿದ್ದಮ್ಮ ನೆಂಟರ ಹಾಗೆ ಹೋಗಿ, ಒಂದು ಹೊತ್ತು ಉಂಡು, ಮಗು ನೋಡಿಕೊಂಡು ಬಂದರು. ಪುರುಡು ಕಳೆದ ಮೇಲಿನ ಶುಕ್ರವಾರ ತಿಪ್ಪಯ್ಯ ಬಂದು ಹೊಸ್ತಿಲು ಕೂರಿಸಿದ. ಕಾಯಿ ಒಡೆಯುವ ಮುಂದೆ ಪೂಜಾರಿ, "ಮನೆಯೋರ ಹೆಸ್ರು ಹೇಳಿ" ಎಂದ.

"ಹುಚ್ಚಣ್ಣ, ಸಿದ್ದಮ್ಮ, ಲಕ್ಷ್ಮಿದೇವಮ್ಮ" ಎಂದ ಹುಚ್ಚಣ್ಣ. ಒಂದು ಉಸಿರೆಳೆದು, "ಮತ್ತೆ ಅವ್ಳ ಕೂಸು" ಎಂದ.

ನಮ್ಮವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಡೆ ನೋಡಿದೆ, ಮುಚ್ಚಿಕೊಂಡರು. ಪೂಜಾರಿ ನಾಲ್ಕು ಹೆಸರಿಗೂ ನಾಲ್ಕು ಹೂವಿಟ್ಟ. ಆಮೇಲೆ ಮನೆಯವರು ಬಲಗಾಲಿಟ್ಟು ದಾಟಿ ಎಂದ. ಹುಚ್ಚಣ್ಣ ದಾಟಿದ, ಸಿದ್ದಮ್ಮ ದಾಟಿದಳು. ಪೂಜಾರಿ ಇನ್ನಿಬ್ಬರಿಗಾಗಿ ಬೀದಿಯ ಕಡೆ ನೋಡುತ್ತಾ ಕಾಯುತ್ತಿದ್ದ.